ಜಾಂಬವಂತನ ತೊಂಬತ್ತು ಯೋಜನ



ಶ್ರೀಮದ್ರಾಮಾಯಣದ ಕಿಷ್ಕಿಂಧಾಕಾಂಡದಲ್ಲಿ ವಾನರವೀರರು ಸಮುದ್ರತೀರದಲ್ಲಿ ಕುಳಿತು ತಮ್ಮ ತಮ್ಮ ಲಂಘನಸಾಮರ್ಥ್ಯವನ್ನು ಹೇಳಿಕೊಳ್ಳುವ ಪ್ರಸಂಗವೊಂದಿದೆ. ಒಬ್ಬನು 10 ಯೋಜನವೆಂದರೆ ಮತ್ತೊಬ್ಬನು 20 ಎನ್ನುತ್ತಾನೆ. ಜಾಂಬವಂತನ ಸರದಿ ಬಂದಾಗ ಆತನು ತನ್ನ ಯೌವನವನ್ನು ನೆನೆಯುತ್ತಾನೆ. ತ್ರಿವಿಕ್ರಮಾವತಾರದ ಕಾಲದಲ್ಲಿ ಭೂಮಂಡಲವನ್ನು 21 ಬಾರಿ ಪ್ರದಕ್ಷಿಣೆ ಮಾಡಿದವನು ಆತ. ಈಗ ಮುಪ್ಪು ಬಂದಿದೆ. 90 ಯೋಜನ ನಿಸ್ಸಂಶಯವಾಗಿ ಹೋಗಬಹುದಾದರೂ ಕಾರ್ಯಕ್ಕೆ ಬೇಕಾದುದು 100. ಇಲ್ಲಿ ಗಮನಿಸತಕ್ಕ ಅಂಶವೆಂದರೆ, ಆತನು 100 ಎಂದು ಜಂಬ ಕೊಚ್ಚಲಿಲ್ಲ. ಮುದುಕನಾದ ನನ್ನಿಂದ ಏನಾದೀತು ಎಂದು ಕೈಚೆಲ್ಲಿ ಕೂರಲೂ ಇಲ್ಲ. ಇರುವ ಶಕ್ತಿಯನ್ನು ಅಳೆದು ಹೇಳಿದನು. ಶ್ರೀಹನುಮಂತದೇವರನ್ನು ಕಾರ್ಯಕ್ಕೆ ಪ್ರಾರ್ಥಿಸಿ ಎಬ್ಬಿಸಿದ ಭಾಗ್ಯವೂ ಆ ವೃದ್ಧನದೇ.

ಕೊರೋನಾ ಮಹಾಮಾರಿಯ ನಿಮಿತ್ತ 2020ರ ಮಾರ್ಚ್ 25ರಿಂದ ದೇಶವೆಲ್ಲ ಬಾಗಿಲು ಮುಚ್ಚಿದಾಗ ನಮ್ಮ ಅನೇಕ ಹಿರಿಯರು ಈ ಲೆಕ್ಕವನ್ನೇ ಕಳೆದುಕೊಂಡರು. 65 ವರ್ಷ ಮೀರಿದವರು ಮನೆಯಲ್ಲೇ ಇರತಕ್ಕದ್ದೆಂದು ಸರಕಾರ ಹೇಳಿತು. ಅದು ಯುಕ್ತವೇ ಆಗಿತ್ತು. ಆದರೆ ಮುಂಬಯಿಯಂತಹ ನಗರದಲ್ಲಿ ಮಠಕ್ಕೆ ಹೋಗಿ, ಪ್ರದಕ್ಷಿಣೆ ಹಾಕಿ, ಬರುವಾಗ ಎರಡು ಕಟ್ಟು ಸೊಪ್ಪು ಹಿಡಿದು ಮೆಟ್ಟಿಲೇರುವುದೇ ವೃದ್ಧರಿಗೆ ವ್ಯಾಯಾಮ. ಮಹಾರಾಷ್ಟ್ರದ ದೇವಾಲಯಗಳು ಮತ್ತೆ ತೆರೆದದ್ದು ಆ ವರ್ಷದ ನವೆಂಬರ್ 16ರಂದು. ಅಷ್ಟರಲ್ಲಿ ಮನೆಯಲ್ಲಿರಿ ಎಂಬ ಮಾತು ಕುರ್ಚಿಯಲ್ಲಿರಿ ಎಂದಾಗಿ ಹೋಗಿತ್ತು. ‘ನೀವು ಏಳಬೇಡಿ ಅಪ್ಪಾ, ನಾವೇ ತರುತ್ತೇವೆ’ ಎಂದು ಮಕ್ಕಳು ನೀರಿನ ಲೋಟವನ್ನೂ ಕೈಗೇ ಕೊಟ್ಟರು. ಪ್ರೀತಿಯೇನೋ ಹೌದು, ಫಲ ಮಾತ್ರ ವಿಪರೀತ. ಆರೋಗ್ಯವಂತರಾದ ವೃದ್ಧರನ್ನು ಕೇವಲ 10 ದಿನ ಹಾಸಿಗೆಯಲ್ಲಿರಿಸಿ ಅಮೆರಿಕದಲ್ಲಿ ನಡೆಸಿದ ಪರೀಕ್ಷೆಯೊಂದರಲ್ಲಿ (ಪ್ರಕಟವಾದದ್ದು 2007ರಲ್ಲಿ) ಅವರ ಕಾಲುಗಳಿಂದ ಹೆಚ್ಚುಕಡಿಮೆ ಒಂದು ಕಿಲೋ ಮಾಂಸಖಂಡ ಕರಗಿತ್ತು. ಬಾಗಿಲು ತೆರೆದು ವರ್ಷಗಳೇ ಕಳೆದರೂ ಅಂದಿನ ಕುರ್ಚಿಯನ್ನು ಇಂದಿಗೂ ಬಿಟ್ಟೇಳದ ಹಿರಿಯರು ನಮ್ಮ ಮನೆಗಳಲ್ಲಿ ಎಷ್ಟು ಮಂದಿಯಿಲ್ಲ?

ರೈಲ್ವೆಯಲ್ಲಿ ದುಡಿದವರಿಗೆಲ್ಲ ಇದು ಪರಿಚಿತ ವಿಷಯ. ನಿಂತ ಬಂಡಿ ಸವೆಯುವುದಿಲ್ಲವೆಂದು ಜನರ ಭಾವನೆ. ನಿಂತಲ್ಲಿಯೇ ಅದರ ಬ್ಯಾಟರಿ ಇಳಿಯುತ್ತದೆ, ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ. ಆಗಾಗ ಚಾಲೂ ಮಾಡಿ ನಾಲ್ಕು ಮಾರು ಓಡಿಸಿ ನಿಲ್ಲಿಸಬೇಕು.

ಅದೇ 2020ರ ಏಪ್ರಿಲಿನಲ್ಲಿ ಇಂಗ್ಲೆಂಡಿನ ಬೆಡ್‌ಫರ್ಡ್‌ಶೈರಿನ ಒಂದು ಹಳ್ಳಿಯಲ್ಲಿ 99 ವರ್ಷದ ಕ್ಯಾಪ್ಟನ್ ಟಾಮ್ ಮೂರ್ ಎಂಬವರು ಒಂದು ನಿಯಮ ಹಿಡಿದರು. ಎರಡನೆಯ ಮಹಾಯುದ್ಧದಲ್ಲಿ ಭಾರತ, ಬರ್ಮಾಗಳಲ್ಲಿ ಸೇವೆ ಸಲ್ಲಿಸಿದವರು. 2018ರಲ್ಲಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡವರು. ನಡೆಯಲು ಆಧಾರದ ಚೌಕಟ್ಟು ಬೇಕು. 25 ಮೀಟರ್ ಉದ್ದದ ಮನೆಯಂಗಳದಲ್ಲಿ ದಿನಕ್ಕೆ 10 ಸುತ್ತು, ನೂರನೆಯ ಹುಟ್ಟುಹಬ್ಬದೊಳಗೆ 100 ಸುತ್ತು. ಆರೋಗ್ಯಸೇವೆಯವರಿಗಾಗಿ 1,000 ಪೌಂಡು ಕೂಡಿಸುವ ಆಸೆ. ಕೂಡಿದ್ದು 3 ಕೋಟಿ ಪೌಂಡಿಗೂ ಮಿಕ್ಕಿ. ಹಣದ ಮಾತು ಹಾಗಿರಲಿ. ದಿನಕ್ಕಿಷ್ಟು ಎಂಬ ಎಣಿಕೆ ನಮ್ಮ ಸಂಕಲ್ಪಕ್ಕೂ ಪ್ರದಕ್ಷಿಣಾ ಸಂಖ್ಯೆಗೂ ಎಷ್ಟು ಸಮೀಪವೆಂಬುದನ್ನು ನೋಡಿರಿ. 2021ರ ಫೆಬ್ರವರಿಯಲ್ಲಿ ಅವರು ತೀರಿಕೊಂಡರು.

ಶರೀರವು ಧರ್ಮಸಾಧನವೆಂಬ ಕಾಳಿದಾಸನ ಮಾತು ಎಲ್ಲರ ಬಾಯಲ್ಲಿದೆ. ಅದು ಬಂದ ಸಂದರ್ಭವನ್ನು ಮಾತ್ರ ಯಾರೂ ನೆನೆಯುವುದಿಲ್ಲ. ಕುಮಾರಸಂಭವದ 5ನೆಯ ಸರ್ಗದಲ್ಲಿ ವಟುವೇಷದ ಶಿವನು ಪಾರ್ವತಿಯನ್ನು, ಶಕ್ತಿಯನ್ನು ನೋಡಿಕೊಂಡು ತಪಸ್ಸು ಮಾಡುತ್ತಿರುವೆಯಷ್ಟೆ ಎಂದು ವಿಚಾರಿಸುವಾಗ ಬಂದ ಮಾತದು. ಶಕ್ತಿ ಮೀರಿದ ವ್ಯಾಯಾಮಕ್ಕೂ ಅದು ಅನ್ವಯಿಸುತ್ತದೆ.

ಹಾಗಾದರೆ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಮಾಡುವುದೇನು? ಸಾಣೆಕಲ್ಲಿನ ಮೇಲೆ ಗಂಧ ತೇಯ್ದರೆ ತೋಳಿಗೆ ಕೆಲಸ. ಹೂಬತ್ತಿ ಹೊಸೆದರೆ ಬೆರಳಿಗೆ. ಕುರ್ಚಿಯಿಂದ ಕೈಯೂರದೆ ಎದ್ದು ಕೂರುವುದು ತೊಡೆಗೆ. ಕೈಯೂರಲೇಬೇಕಾದವರು ಊರಿಯೇ ಏಳಲಿ. ನಿಂತಲ್ಲಿ ಸುತ್ತುವ ಆತ್ಮಪ್ರದಕ್ಷಿಣೆಯನ್ನು ತಲೆಸುತ್ತು ಬರುವವರು ಮಾಡಬಾರದು. ದೇವರೆದುರು ಬಿದ್ದು ಕಾಲು ಮುರಿದುಕೊಳ್ಳುವುದು ಭಕ್ತಿಯಲ್ಲ. ಅದರ ಬದಲು ಹಾಲಿನ ಬಾಗಿಲಿನಿಂದ ದೇವರ ಮನೆಯವರೆಗೆ ಗೋಡೆ ಹಿಡಿದು ನಡೆಯಲಿ. ಸ್ನಾನದ ಒದ್ದೆಗಾಲಿನಲ್ಲಿ ಬೇಡ. 65 ದಾಟಿದವರು ವಾರಕ್ಕೆ 3 ದಿನವಾದರೂ ಸಮತೋಲ ಕಾಯುವ ಅಭ್ಯಾಸ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಅಡಿಗೆಮನೆಯ ಕಟ್ಟೆ ಹಿಡಿದು ಹಿಮ್ಮಡಿಯೆತ್ತಿ ಇಳಿಸುವುದು ಅದಕ್ಕೆ ಸಾಕಷ್ಟು ಸುಲಭ. ಹೃದ್ರೋಗಿಗಳು ವೈದ್ಯರನ್ನು ಕೇಳಿಯೇ ತೊಡಗಲಿ.

ಎಣಿಕೆಗೆ ಕೇಶವಾದಿ 24 ನಾಮಗಳಿವೆ, ಹೆಜ್ಜೆಗೊಂದು ನಾಮ. ನಡೆಯುವವನು ನಾನೆಂಬ ಅಭಿಮಾನವೂ ಬೇಡ, ನಡೆಯಲಾರೆನೆಂಬ ದೈನ್ಯವೂ ಬೇಡ. ಹೆಜ್ಜೆಯಿಡಿಸುವವನು ಮುಖ್ಯಪ್ರಾಣಾಂತರ್ಗತನಾದ ಶ್ರೀಹರಿ ಎಂಬ ಅನುಸಂಧಾನವಿರಲಿ. ಒಂದು ಆವೃತ್ತಿ ಮುಗಿಯದಿದ್ದರೆ ದಾಮೋದರನವರೆಗಿನ 12ಕ್ಕೇ ನಿಲ್ಲಿಸಿ, ಕುಳಿತು, ಮಿಕ್ಕದ್ದನ್ನು ಸಂಜೆಗೆ ಮುಂದುವರಿಸಬಹುದು. ಹಾಸಿಗೆ ಹಿಡಿದವರು ಅದೇ ನಾಮಗಳಿಗೆ ಪಾದವನ್ನು ಮೇಲಕ್ಕೂ ಕೆಳಕ್ಕೂ ಆಡಿಸಲಿ. ಮನೆಯವರಿಗೆ ಒಂದು ವಿಜ್ಞಾಪನೆ: ನಿಲ್ಲಬಲ್ಲ ಹಿರಿಯರಿಗೆ ತೀರ್ಥವನ್ನು ಕುರ್ಚಿಗೆ ತಂದು ಕೊಡದೆ, ಕೈಹಿಡಿದು ದೇವರ ಮನೆಯವರೆಗೆ ನಡೆಸಿಕೊಂಡು ಬನ್ನಿರಿ. ತಡವಾದರೆ ಆಗಲಿ.

॥ ಶ್ರೀಕೃಷ್ಣಾರ್ಪಣಮಸ್ತು ॥