ಐದು ನಿಮಿಷದ ಮಾಲೀಕ

ಬೆಂಗಳೂರಿನಲ್ಲಿ ಸಂಜೆ ಹೊತ್ತು ಮಳೆ ಹಿಡಿದುಕೊಂಡರೆ ಆಟೊ ಸಿಗುವುದು ಕಷ್ಟ. ಆ್ಯಪ್ ತೆರೆದರೆ ಸುತ್ತಮುತ್ತ ನಾಲ್ಕಾರು ಆಟೊಗಳ ಚಿತ್ರ ಕಾಣುತ್ತದೆ, ಒಂದೂ ಬರುವುದಿಲ್ಲ. ಸ್ವಲ್ಪ ಹೊತ್ತಿಗೆ ಪರದೆಯ ಮೇಲೆ ಸೂಚನೆ ಮೂಡುತ್ತದೆ: ಇಷ್ಟು ಟಿಪ್ಸ್ ಸೇರಿಸಿ, ಬೇಗ ಗಾಡಿ ಸಿಗಬಹುದು. ಚಾಲಕನ ಮುಖ ಕಂಡಿಲ್ಲ, ಗಾಡಿಯ ಚಕ್ರ ಒಂದು ಸುತ್ತೂ ತಿರುಗಿಲ್ಲ, ಮೆಚ್ಚುಗೆಯ ಹಣ ಮಾತ್ರ ಆಗಲೇ ತೀರ್ಮಾನವಾಗಬೇಕು. 2025ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಸಚಿವ, ಧಾರವಾಡದ ಸಂಸದ ಪ್ರಲ್ಹಾದ ಜೋಶಿ ಇದು ಅನೈತಿಕ ಎಂದರು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಉಬರ್‌ಗೆ ನೋಟಿಸ್ ಕೊಟ್ಟಿತು. ಅದೇ ವರ್ಷದ ಕೊನೆಗೆ ಕೇಂದ್ರ ಸಾರಿಗೆ ಸಚಿವಾಲಯ ತನ್ನ ಮಾರ್ಗಸೂಚಿಯನ್ನು ತಿದ್ದಿ, ಟಿಪ್ಸ್ ಆಯ್ಕೆ ಪ್ರಯಾಣ ಮುಗಿದ ಮೇಲಷ್ಟೇ ಕಾಣಿಸಬೇಕು, ಆ ಹಣ ಪೂರ್ತಿ ಚಾಲಕನಿಗೇ ಸೇರಬೇಕು ಎಂದಿತು.

ಸರಿಯಾದ ಆದೇಶ. ಆದರೆ ಅದು ರೋಗದ ಒಂದು ಲಕ್ಷಣವನ್ನಷ್ಟೇ ಮುಟ್ಟುತ್ತದೆ. ಬೆಂಗಳೂರಿನಲ್ಲಿ ಆಟೊ ಮೀಟರ್ ದರ 2021ರ ಡಿಸೆಂಬರ್‌ನಿಂದ ಮೊದಲ 2 ಕಿಲೋಮೀಟರಿಗೆ 30 ರೂಪಾಯಿ, ಆಮೇಲೆ ಕಿಲೋಮೀಟರಿಗೆ 15 ರೂಪಾಯಿ ಇತ್ತು. ಅದು 36 ಮತ್ತು 18 ರೂಪಾಯಿ ಆದದ್ದು 2025ರ ಆಗಸ್ಟ್ 1ರಂದು. ನಡುವಿನ ಮೂರೂವರೆ ವರ್ಷ ಮನೆ ಬಾಡಿಗೆ, ಮಕ್ಕಳ ಶಾಲೆಯ ಫೀಸು ಮೀಟರಿಗಾಗಿ ಕಾದು ನಿಲ್ಲಲಿಲ್ಲ. ಆ ಕೊರತೆ ತುಂಬಿಕೊಳ್ಳಲು ಚಾಲಕರು ಹಿಡಿದ ಹಳೆಯ ದಾರಿ ‘ಮೀಟರ್ ಮೇಲೆ ಇಪ್ಪತ್ತು ಕೊಡಿ ಸಾರ್’ ಎಂಬುದು. ಆ್ಯಪ್ ಅದನ್ನೇ ಗುಂಡಿ ಒತ್ತಿದರೆ ಸಾಕು ಎಂಬಂತೆ ಮಾಡಿಕೊಟ್ಟಿತು. ಟಿಪ್ಸ್ ಕೊಡಲೇಬೇಕು ಎಂಬ ನಿರೀಕ್ಷೆ ಎಲ್ಲಿ ಬೇರೂರಿದೆಯೋ ಅಲ್ಲಿ ಬೆಲೆಯಲ್ಲಿ ಇರಬೇಕಾದ ಯಾವುದೋ ಒಂದು ಪಾಲು ಬೆಲೆಯಿಂದ ಆಚೆ ಬಿದ್ದಿರುತ್ತದೆ. ಈ ಪ್ರಬಂಧದ ವಾದವೂ ಅದೇ: ಗ್ರಾಹಕ ಖುಷಿಯಿಂದ ಕೊಟ್ಟರೆ ಅದಕ್ಕೆ ಯಾರ ತಕರಾರೂ ಇರಬೇಕಿಲ್ಲ. ಕೊಡಬೇಕೆಂದು ನಿರೀಕ್ಷಿಸುವ ವ್ಯವಸ್ಥೆ ಮಾತ್ರ ಅನ್ಯಾಯದ್ದು, ಮತ್ತು ಆ ಅನ್ಯಾಯ ಗ್ರಾಹಕನಿಗಿಂತ ಹೆಚ್ಚಾಗಿ ಕೆಲಸಗಾರನಿಗೆ ಆಗುವಂಥದ್ದು.

ಸಂಬಳ ಕೊಡುವವನಿಗೆ ಕೆಲಸಗಾರನ ಮೇಲೆ ಅಧಿಕಾರವಿರುತ್ತದೆ. ಜೊತೆಗೆ ಹೊಣೆಯೂ ಇರುತ್ತದೆ. ತಿಂಗಳ ಕೊನೆಗೆ ಒಪ್ಪಿದಷ್ಟು ಕೊಡಬೇಕು, ಕಾಯಿಲೆ ಬಿದ್ದರೆ ಇಎಸ್‌ಐ ಇರಬೇಕು, ಬಿಟ್ಟು ಹೋಗುವಾಗ ಪಿಎಫ್, ಗ್ರಾಚುಯಿಟಿ ಕೈಗೆ ಸಿಗಬೇಕು. ಟಿಪ್ಸ್ ಕೊಡುವವನಿಗೆ ಅಧಿಕಾರ ಮಾತ್ರ ಸಿಗುತ್ತದೆ, ಹೊಣೆ ಇಲ್ಲ. ಬಿಲ್ಲು ಬಂದು ಚಿಲ್ಲರೆ ವಾಪಸಾಗುವ ಆ ಐದು ನಿಮಿಷ ಅವನೇ ಮಾಲೀಕ. ಮನಸ್ಸು ಬಂದರೆ ಐವತ್ತು, ಬಾರದಿದ್ದರೆ ಏನೂ ಇಲ್ಲ. ಕಾರಣ ಹೇಳಬೇಕಾಗಿಲ್ಲ. ಒಬ್ಬ ಮನುಷ್ಯನ ದಿನದ ಅನ್ನ ಇನ್ನೊಬ್ಬನ ಆ ಗಳಿಗೆಯ ಮನಸ್ಥಿತಿಗೆ ಜೋತುಬೀಳುವುದು ಯಾವ ಲೆಕ್ಕದಲ್ಲೂ ಕೂಲಿಯ ನ್ಯಾಯವಲ್ಲ.

ಈ ಮಾತಿಗೆ ನಮ್ಮ ಸುಪ್ರೀಂ ಕೋರ್ಟಿನ ತೀರ್ಪುಗಳಲ್ಲೇ ಆಧಾರವಿದೆ. ಮೈಸೂರಿನ ಕ್ವಾಲಿಟಿ ಇನ್ ಸದರ್ನ್ ಸ್ಟಾರ್ ಹೋಟೆಲಿಗೂ ಇಎಸ್‌ಐ ನಿಗಮಕ್ಕೂ ನಡೆದ ಮೊಕದ್ದಮೆಯಲ್ಲಿ ಪ್ರಶ್ನೆ ಇದ್ದದ್ದು ಇಷ್ಟು: ಟಿಪ್ಸ್ ಬದಲಾಗಿ ಗ್ರಾಹಕರಿಂದ ಸೇವಾ ಶುಲ್ಕ ಎಂದು ಪಡೆದು ನೌಕರರಿಗೆ ಹಂಚಿದ ಹಣ ಇಎಸ್‌ಐ ಕಾಯ್ದೆಯ ಪ್ರಕಾರ ವೇತನವೇ? ಅಲ್ಲ ಎಂದು ಕೋರ್ಟು ಹೇಳಿತು. 2016ರಲ್ಲಿ ಐಟಿಸಿ ಹೋಟೆಲುಗಳ ಆದಾಯ ತೆರಿಗೆ ಪ್ರಕರಣದಲ್ಲೂ ಅದೇ ದಾರಿ. ಹಣ ಬರುವುದು ಗ್ರಾಹಕನ ಕೈಯಿಂದ, ಅದನ್ನು ಸಂಬಳವೆಂದು ಮಾಲೀಕನಿಂದ ಕೇಳಿ ಪಡೆಯುವ ಹಕ್ಕು ನೌಕರನಿಗಿಲ್ಲ, ಆದ್ದರಿಂದ ಅದು ಸಂಬಳವಲ್ಲ ಎಂಬ ತರ್ಕ. ಕಾನೂನಿನ ದೃಷ್ಟಿಯಲ್ಲಿ ತರ್ಕ ಗಟ್ಟಿಯಾಗಿಯೇ ಇದೆ. ಆದರೆ ಸಪ್ಲೈಯರ್ ಒಬ್ಬನ ಬಾಳಿನಲ್ಲಿ ಇದರ ಪರಿಣಾಮ ಏನು? ಇಎಸ್‌ಐನಲ್ಲಿ ಕಾಯಿಲೆಯ ರಜೆಗೆ ಸಿಗುವುದು ವೇತನದ ಶೇ 70ರಷ್ಟು. ಅವನು ಸಂಬಳದಷ್ಟೇ ಟಿಪ್ಸ್ ಸಂಪಾದಿಸುತ್ತಿದ್ದರೆ, ಜ್ವರ ಬಂದು ಮಲಗಿದ ದಿನ ಕೈಗೆ ಬರುವುದು ನಿಜವಾದ ಗಳಿಕೆಯ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು. ಇಪ್ಪತ್ತು ವರ್ಷ ದುಡಿದು ಬಿಟ್ಟಾಗ ಗ್ರಾಚುಯಿಟಿ ಲೆಕ್ಕಕ್ಕೆ ಆ ಟಿಪ್ಸ್‌ನ ಒಂದು ರೂಪಾಯಿಯೂ ಬರುವುದಿಲ್ಲ. ಗ್ರಾಹಕನ ಉದಾರತೆ ಎಷ್ಟೇ ದೊಡ್ಡದಿರಲಿ, ಕೆಲಸಗಾರ ಸುಸ್ತಾದ ದಿನ ಅದು ಅವನ ಜೊತೆಗಿರುವುದಿಲ್ಲ.

ನಿರೀಕ್ಷೆ ಕಾನೂನಾಗಿ ಗಟ್ಟಿಗೊಂಡರೆ ಏನಾಗುತ್ತದೆ ಎಂಬುದನ್ನು ಅಮೆರಿಕದಲ್ಲಿ ನೋಡಬೇಕು. ಅಲ್ಲಿ ಅಂತರ್ಯುದ್ಧ ಮುಗಿದು ಗುಲಾಮಗಿರಿ ರದ್ದಾದ ಮೇಲೆ ಪುಲ್ಮನ್ ಕಂಪನಿ ತನ್ನ ರೈಲುಗಳ ಸ್ಲೀಪರ್ ಬೋಗಿಗಳಲ್ಲಿ ಪೋರ್ಟರುಗಳಾಗಿ ಸೇವೆಗೆ ಕಪ್ಪು ಜನರನ್ನು ಸೇರಿಸಿಕೊಂಡಿತು. ಸಂಬಳ ಅತಿ ಕಡಿಮೆ, ಉಳಿದದ್ದು ಪ್ರಯಾಣಿಕರ ಟಿಪ್ಸ್. ಗುಲಾಮರ ವಿಮೋಚನೆಯ ಘೋಷಣೆಗೆ ಸಹಿ ಹಾಕಿದ ಅಬ್ರಹಾಂ ಲಿಂಕನ್ನರ ಮಗ ರಾಬರ್ಟ್ ಲಿಂಕನ್ನರೇ ಮುಂದೆ ಆ ಕಂಪನಿಯ ಅಧ್ಯಕ್ಷರಾದರು. ಪೋರ್ಟರುಗಳು ಎ. ಫಿಲಿಪ್ ರ‍್ಯಾಂಡಾಲ್ಫ್ ಮುಂದಾಳುತನದಲ್ಲಿ 1925ರಲ್ಲಿ ಸಂಘ ಕಟ್ಟಿ, ಹನ್ನೆರಡು ವರ್ಷ ಹೋರಾಡಿ, 1937ರಲ್ಲಿ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡರು. ಅವರಿಗೆ ಬೇಕಾಗಿದ್ದದ್ದು ಟಿಪ್ಸ್‌ಗೆ ಕೈಯೊಡ್ಡದೆ ಬದುಕಬಹುದಾದ ಸಂಬಳ.

ಆ ಹೋರಾಟ ಗೆದ್ದರೂ ಪದ್ಧತಿ ಅಳಿಯಲಿಲ್ಲ. ಟಿಪ್ಸ್ ಪಡೆಯುವ ನೌಕರರಿಗೆ ಅಮೆರಿಕದ ಒಕ್ಕೂಟ ಸರ್ಕಾರ ನಿಗದಿಪಡಿಸಿದ ಕನಿಷ್ಠ ಸಂಬಳ ಗಂಟೆಗೆ 2.13 ಡಾಲರ್. 1991ರಿಂದ ಈ ಅಂಕಿ ಬದಲಾಗಿಲ್ಲ. ಸಾಮಾನ್ಯ ಕನಿಷ್ಠ ವೇತನ 7.25 ಡಾಲರ್. ಟಿಪ್ಸ್ ಸೇರಿಸಿಯೂ ಅಷ್ಟು ಮುಟ್ಟದಿದ್ದರೆ ಕೊರತೆಯನ್ನು ಮಾಲೀಕ ತುಂಬಬೇಕು. ಈ ನಿಯಮವನ್ನು ನಿಧಾನವಾಗಿ ಓದಿದರೆ ಒಂದು ಸಂಗತಿ ಹೊಳೆಯುತ್ತದೆ. ಗಂಟೆಗೆ ಮೊದಲ 5.12 ಡಾಲರ್ ಟಿಪ್ಸ್ ಬೀಳುವವರೆಗೂ ಗ್ರಾಹಕ ಕೊಡುತ್ತಿರುವುದು ಪರಿಚಾರಕನಿಗಲ್ಲ, ಮಾಲೀಕನಿಗೆ. ಆ ಹಣ ಬಾರದಿದ್ದರೆ ಅಷ್ಟನ್ನು ಅವನೇ ಕೊಡಬೇಕಾಗಿತ್ತು.

ಕ್ಯಾಲಿಫೋರ್ನಿಯಾ, ವಾಷಿಂಗ್ಟನ್, ಮಿನೆಸೋಟ ಸೇರಿ ಏಳು ರಾಜ್ಯಗಳು ಈ ರಿಯಾಯಿತಿಯನ್ನು ಒಪ್ಪುವುದಿಲ್ಲ. ಅಲ್ಲಿ ಪರಿಚಾರಕರಿಗೂ ಪೂರ್ತಿ ಕನಿಷ್ಠ ವೇತನ ಸಲ್ಲಬೇಕು. ಟೆಕ್ಸಾಸ್‌ನಲ್ಲಿ ಇಂದಿಗೂ 2.13 ಡಾಲರೇ. ಡಲ್ಲಾಸ್‌ನಲ್ಲೂ ಕನ್ನಡಿಗರಿದ್ದಾರೆ, ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲೂ ಇದ್ದಾರೆ. ಎರಡೂ ಊರುಗಳಲ್ಲಿ ಊಟ ಮುಗಿದಾಗ ಅವರ ಮುಂದೆ ಬರುವ ಪರದೆ ಕೇಳುವುದು ಹೆಚ್ಚುಕಡಿಮೆ ಒಂದೇ: ಹದಿನೆಂಟೋ, ಇಪ್ಪತ್ತೋ, ಇಪ್ಪತ್ತೈದು ಶೇಕಡವೋ? ಒಂದೆಡೆ ಸಂಬಳ ಇನ್ನೊಂದೆಡೆಗಿಂತ ಎಷ್ಟೋ ಪಟ್ಟು ಹೆಚ್ಚು, ರೂಢಿ ಮಾತ್ರ ಎರಡೂ ಕಡೆ ಒಂದೇ ಸಮ. ಕೆಲಸಗಾರನ ಕಷ್ಟ ನೋಡಿ ಕೊಡುತ್ತೇವೆ ಎಂದು ಕೊಡುವವರು ನಂಬಿರಬಹುದು. ರೂಢಿ ಆ ಕಷ್ಟವನ್ನು ಅಳೆಯುವುದೇ ಇಲ್ಲ.

ಹಾಗಾದರೆ ಒಳ್ಳೆಯ ಸೇವೆಯನ್ನಾದರೂ ಅಳೆಯುತ್ತದೆಯೇ? ಟಿಪ್ಸ್ ಬಗ್ಗೆ ದಶಕಗಳ ಕಾಲ ಅಧ್ಯಯನ ಮಾಡಿದ ಕಾರ್ನೆಲ್ ವಿಶ್ವವಿದ್ಯಾಲಯದ ಮೈಕೆಲ್ ಲಿನ್ ಕಂಡುಕೊಂಡದ್ದು, ಸೇವೆಯ ಗುಣಮಟ್ಟಕ್ಕೂ ಟಿಪ್ಸ್ ಮೊತ್ತಕ್ಕೂ ಇರುವ ನಂಟು ತೀರಾ ತೆಳುವು ಎಂದು. ಕಪ್ಪು ಪರಿಚಾರಕರಿಗೆ ಬಿಳಿಯರಿಗಿಂತ ಕಡಿಮೆ ಸಿಗುತ್ತದೆ ಎಂಬುದನ್ನೂ ಅವರು ಮತ್ತು ಸಹೋದ್ಯೋಗಿಗಳು ತೋರಿಸಿದರು. ಯಾವ ಕಂಪನಿಯಾದರೂ ಮೈಬಣ್ಣ ನೋಡಿ ಸಂಬಳ ನಿಗದಿ ಮಾಡಿದರೆ ಕೋರ್ಟು ಮೆಟ್ಟಿಲು ಹತ್ತಬೇಕಾಗುತ್ತದೆ. ಅದೇ ತಾರತಮ್ಯ ಸಾವಿರಾರು ಗ್ರಾಹಕರ ಕೈಗಳಲ್ಲಿ ಹಂಚಿಹೋದಾಗ ಯಾರನ್ನೂ ಹಿಡಿದು ಕೇಳುವಂತಿಲ್ಲ.

ಗ್ರಾಹಕನ ಹಣ ಮಾಲೀಕನ ಜೇಬಿಗೆ ಹರಿದದ್ದು ದಾಖಲೆಯಲ್ಲೂ ಇದೆ. ತನ್ನ ಫ್ಲೆಕ್ಸ್ ಡೆಲಿವರಿ ಚಾಲಕರಿಗೆ ಗ್ರಾಹಕರು ಕೊಟ್ಟ ಟಿಪ್ಸ್‌ನಲ್ಲಿ ಒಂದು ಪಾಲನ್ನು ಅಮೆಜಾನ್ ತಾನು ಕೊಡಬೇಕಾದ ಕೂಲಿಗೇ ವಜಾ ಹಾಕಿಕೊಂಡಿತು ಎಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಆರೋಪಿಸಿತು. 2021ರಲ್ಲಿ ಕಂಪನಿ 6 ಕೋಟಿ 17 ಲಕ್ಷ ಡಾಲರ್ ಕೊಟ್ಟು ಪ್ರಕರಣ ಮುಗಿಸಿಕೊಂಡಿತು. ಬ್ರಿಟನ್ನಿನಲ್ಲಿ ಟಿಪ್ಸ್ ಪೂರ್ತಿ ಕೆಲಸಗಾರರಿಗೇ ಸೇರಬೇಕು ಎಂದು ಹೇಳಲು ಒಂದು ಕಾಯ್ದೆಯನ್ನೇ ತರಬೇಕಾಯಿತು. ಅದು 2024ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂತು.

ನಮ್ಮಲ್ಲಿ ನಿರೀಕ್ಷೆಗೆ ಇನ್ನೂ ಕರಾಳವಾದ ಮುಖವಿದೆ. ಸರ್ಕಾರಿ ಆಸ್ಪತ್ರೆಯ ಹೆರಿಗೆ ವಾರ್ಡಿನ ಬಾಗಿಲಲ್ಲಿ ನಿಂತವರೆಲ್ಲ ಅದನ್ನು ಬಲ್ಲರು. ಗಂಡು ಮಗುವಿಗೆ ಒಂದು ದರ, ಹೆಣ್ಣು ಮಗುವಿಗೆ ಇನ್ನೊಂದು. ಕೊಡುವವರೆಗೆ ಕೂಸನ್ನು ಕೈಗೆ ಕೊಡಲು ತಡ ಮಾಡುತ್ತಾರೆ. ಕೂಲಿ ಮಾಡುವ ಮನೆಯವರು ಸಾಲ ತಂದು ಕೊಡುತ್ತಾರೆ. ಇಲ್ಲಿ ಕೇಳುವ ಆಯಾಗಳಲ್ಲಿ ಅನೇಕರು ಹೊರಗುತ್ತಿಗೆಯವರು, ಅವರ ಸಂಬಳವೂ ಅಷ್ಟಕ್ಕಷ್ಟೆ. ಬಡವರಿಂದ ಬಡವರು ಕಿತ್ತುಕೊಳ್ಳುವಂತೆ ಮಾಡಿರುವ ಏರ್ಪಾಡು ಇದು. ಖುಷಿಗೆ ಕೊಡುತ್ತಿದ್ದ ಹಣ ಮೊದಲು ವಾಡಿಕೆಯಾಗುತ್ತದೆ, ಆಮೇಲೆ ಹಕ್ಕಾಗುತ್ತದೆ, ಕೊನೆಗೆ ಲಂಚವಾಗುತ್ತದೆ. ಹೋಟೆಲಿನ ಹತ್ತು ರೂಪಾಯಿಗೂ ವಾರ್ಡಿನ ಐನೂರಕ್ಕೂ ನಡುವೆ ಗೆರೆ ಎಳೆಯಬಹುದು, ಎಳೆಯಲೂ ಬೇಕು. ಆದರೆ ಎರಡೂ ಕಡೆ ಸಂಬಳ ಕೊಡಬೇಕಾದವರು ಪಕ್ಕಕ್ಕೆ ಸರಿದು ನಿಂತಿದ್ದಾರೆ ಎಂಬುದನ್ನು ಮರೆಯಬಾರದು.

ಟಿಪ್ಸ್ ಇಲ್ಲದ ವ್ಯವಸ್ಥೆ ಕಲ್ಪನೆಯದ್ದಲ್ಲ. ಫ್ರಾನ್ಸಿನಲ್ಲಿ ಮೆನುವಿನ ಬೆಲೆಯಲ್ಲೇ ಸೇವೆಯ ಬೆಲೆ ಸೇರಿರುತ್ತದೆ. ಜಪಾನಿನಲ್ಲಿ ಟಿಪ್ಸ್ ಕೊಡುವ ರೂಢಿಯೇ ಇಲ್ಲ. ಬೆಂಗಳೂರಿನಲ್ಲಿ 1983ರಲ್ಲಿ ಆರ್. ಪ್ರಭಾಕರ್ ಜಯನಗರದಲ್ಲಿ ಕೆಫೆ ದರ್ಶಿನಿ ಆರಂಭಿಸಿದ ಮೇಲೆ ಹಬ್ಬಿದ ದರ್ಶಿನಿಗಳಲ್ಲೂ ಟೋಕನ್ ತೆಗೆದುಕೊಂಡು, ಕೌಂಟರಿನಲ್ಲಿ ತಿಂಡಿ ಪಡೆದು, ನಿಂತೇ ತಿಂದು ಹೋಗುತ್ತಾರೆ. ಸಪ್ಲೈಯರ್ ಇಲ್ಲ, ಹಾಗಾಗಿ ಟಿಪ್ಸ್ ಇಲ್ಲ. ಜೇಬಿನಲ್ಲಿ ಲೆಕ್ಕ ಹಾಕಿದ ಕಾಸಷ್ಟೇ ಇರುವ ವಿದ್ಯಾರ್ಥಿಗೂ ಅಲ್ಲಿ ಸಂಕೋಚವಿಲ್ಲ. ಆದರೆ ಸೇವೆ ಅಲ್ಲೂ ಇದೆ. ತಟ್ಟೆ ಎತ್ತಿ ಟೇಬಲ್ ಒರೆಸುವ ಕ್ಲೀನರ್, ಒಳಗೆ ಕಾವಲಿ ಮುಂದೆ ನಿಂತ ಭಟ್ಟರು, ಪಾತ್ರೆ ಉಜ್ಜುವ ಹೆಂಗಸು. ಸಪ್ಲೈಯರ್ ಇರುವ ಹೋಟೆಲುಗಳಲ್ಲೂ ಬಿಲ್ಲಿನ ಮೇಲೆ ಇಟ್ಟ ನೋಟು ಇವರವರೆಗೆ ಹೋಗುವುದು ಅಪರೂಪ. ಟಿಪ್ಸ್ ಎದುರಿಗೆ ಕಂಡವರಿಗೆ ಸಿಗುವ ಹಣ, ಅತಿ ಹೆಚ್ಚು ಬೆವರು ಸುರಿಸಿದವರಿಗಲ್ಲ.

ದೊಡ್ಡ ರೆಸ್ಟೋರೆಂಟುಗಳು ಇದಕ್ಕೆ ಪರಿಹಾರ ಎಂಬಂತೆ ಬಿಲ್ಲಿನಲ್ಲೇ ಸೇವಾ ಶುಲ್ಕ ಸೇರಿಸಿದವು. ಎಲ್ಲರಿಗೂ ಹಂಚುತ್ತೇವೆ ಎಂಬುದು ಅವರ ವಾದ. ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈಯಲ್ಲಿ ಅದನ್ನು ತಡೆಯಿತು. 2025ರ ಮಾರ್ಚ್ 28ರಂದು ದೆಹಲಿ ಹೈಕೋರ್ಟ್, ಒತ್ತಾಯದ ಸೇವಾ ಶುಲ್ಕ ಅನುಚಿತ ವ್ಯಾಪಾರ ಪದ್ಧತಿ ಎಂದು ಹೇಳಿ ಪ್ರಾಧಿಕಾರದ ಮಾರ್ಗಸೂಚಿಯನ್ನು ಎತ್ತಿಹಿಡಿಯಿತು. ಮೆನುವಿನಲ್ಲಿ ಒಂದು ಬೆಲೆ ತೋರಿಸಿ ಬಿಲ್ಲಿನಲ್ಲಿ ಇನ್ನೊಂದು ಕೇಳುವುದು ತಪ್ಪೇ. ಹತ್ತು ರೂಪಾಯಿ ಬೇಕಿದ್ದರೆ ದೋಸೆಯ ಬೆಲೆಯನ್ನೇ ಹತ್ತು ರೂಪಾಯಿ ಏರಿಸಲಿ, ಅದನ್ನು ಸಂಬಳದ ಪುಸ್ತಕದಲ್ಲಿ ಬರೆಯಲಿ.

ಇದಕ್ಕೆ ಗಟ್ಟಿಯಾದ ಆಕ್ಷೇಪವೊಂದಿದೆ, ಅದು ಬರುವುದು ಪರಿಚಾರಕರಿಂದಲೇ. ನ್ಯೂಯಾರ್ಕಿನ ಡ್ಯಾನಿ ಮೇಯರ್ 2015ರಲ್ಲಿ ತಮ್ಮ ರೆಸ್ಟೋರೆಂಟುಗಳಲ್ಲಿ ಟಿಪ್ಸ್ ತೆಗೆದು ಬೆಲೆ ಏರಿಸಿದರು. ಅಡುಗೆಮನೆಯವರಿಗೆ ಅನುಕೂಲವಾಯಿತು, ಆದರೆ ಗಳಿಕೆ ಇಳಿದ ಪರಿಚಾರಕರು ಅನೇಕರು ಬೇರೆಡೆಗೆ ಹೋದರು. 2020ರಲ್ಲಿ ಮೇಯರ್ ಟಿಪ್ಸ್ ಪದ್ಧತಿಗೇ ಮರಳಿದರು. ಜನನಿಬಿಡ ಹೋಟೆಲಿನ ಚುರುಕಾದ ಸಪ್ಲೈಯರ್‌ಗೆ ಟಿಪ್ಸ್ ಲಾಭದ್ದೇ ಎಂಬುದನ್ನು ಒಪ್ಪಬೇಕು. ಆದರೆ ಮೇಯರ್ ಬೆಲೆ ಏರಿಸಿದ್ದರು, ಸುತ್ತಲಿನ ಬಹುತೇಕರು ಏರಿಸಿರಲಿಲ್ಲ. ಪಕ್ಕದ ಮೆನುವಿನಲ್ಲಿ ಅಗ್ಗವಾಗಿ ಕಂಡದ್ದು ನಿಜವಾಗಿ ಅಗ್ಗವಾಗಿರಲಿಲ್ಲ, ಅಷ್ಟೆ. ಒಬ್ಬ ಸಜ್ಜನ ಮಾಲೀಕನಿಂದ ಆಗದ ಕೆಲಸ ಎಲ್ಲರಿಗೂ ಅನ್ವಯಿಸುವ ಕಾನೂನಿನಿಂದ ಆದೀತು. ಕ್ಯಾಲಿಫೋರ್ನಿಯಾದಲ್ಲಿ ಪೂರ್ತಿ ವೇತನ ಕೊಟ್ಟೂ ರೆಸ್ಟೋರೆಂಟುಗಳು ನಡೆಯುತ್ತಿವೆ.

ಕರ್ನಾಟಕ ಈ ದಿಕ್ಕಿನಲ್ಲಿ ಒಂದು ಹೆಜ್ಜೆ ಇಟ್ಟಿದೆ. 2025ರ ಗಿಗ್ ಕಾರ್ಮಿಕರ ಕಾಯ್ದೆಯ ಪ್ರಕಾರ ಕಂಪನಿಗಳು ಪ್ರತಿ ವಹಿವಾಟಿನಲ್ಲಿ ಕಾರ್ಮಿಕನಿಗೆ ಪಾವತಿಸುವ ಹಣದ ಶೇ 1ರಿಂದ 5ರಷ್ಟನ್ನು ಕಲ್ಯಾಣ ನಿಧಿಗೆ ಕಟ್ಟಬೇಕು. ಮೊತ್ತ ಚಿಕ್ಕದೇ. ಆದರೆ ಅದು ಯಾರ ಮನಸ್ಸು ಆ ದಿನ ಹೇಗಿತ್ತು ಎಂಬುದನ್ನು ಕೇಳುವುದಿಲ್ಲ, ನಗುಮುಖಕ್ಕೆ ಕಾಯುವುದಿಲ್ಲ, ಅಪಘಾತವಾದ ದಿನಕ್ಕೂ ಒದಗುತ್ತದೆ.

ಟಿಪ್ಸ್ ನೆಚ್ಚದೆ ಬದುಕಬಹುದಾದ ಸಂಬಳ ಎಲ್ಲರಿಗೂ ಸಿಗುವವರೆಗೆ ಗ್ರಾಹಕ ಏನು ಮಾಡಬೇಕು? ಪದ್ಧತಿ ತಪ್ಪು ಎಂದು ಜೇಬು ಬಿಗಿ ಹಿಡಿದರೆ ಪದ್ಧತಿಗೆ ಏನೂ ಆಗುವುದಿಲ್ಲ, ಸಪ್ಲೈಯರ್‌ಗೆ ನಷ್ಟವಾಗುತ್ತದೆ. ಕೈಲಾದವರು ಕೊಡಲಿ, ಕೆಲಸ ಮುಗಿದ ಮೇಲೆ, ಕೈಗೇ ಕೊಡಲಿ. ಆಗದವರು ತಲೆ ತಗ್ಗಿಸಬೇಕಾಗಿಲ್ಲ. ಅದಕ್ಕಿಂತ ಮುಖ್ಯವಾದದ್ದು ಬೇರೆ ಇದೆ. ಕಾಫಿಗೆ ಎರಡು ರೂಪಾಯಿ ಏರಿದರೆ ಗಲ್ಲಾದ ಮುಂದೆ ಜಗಳ ತೆಗೆಯುವವರೇ ಏಸಿ ರೆಸ್ಟೋರೆಂಟಿನಲ್ಲಿ ನೂರು ರೂಪಾಯಿ ಬಿಟ್ಟು ಬರುತ್ತಾರೆ. ಆ ನೂರು ಅವರಿಗೆ ದೊಡ್ಡಸ್ತಿಕೆ ತರುತ್ತದೆ, ಎರಡು ರೂಪಾಯಿ ತರುವುದಿಲ್ಲ. ಸಂಬಳವಾಗಿ ನಿಲ್ಲುವುದಕ್ಕೆ ಸಾಧ್ಯವಿರುವುದು ಆ ಎರಡು ರೂಪಾಯಿಗೆ.

2025ರ ಏಪ್ರಿಲ್‌ನಲ್ಲಿ ಕರ್ನಾಟಕ ಕಾರ್ಮಿಕ ಇಲಾಖೆ ಕನಿಷ್ಠ ವೇತನವನ್ನು ಗಣನೀಯವಾಗಿ ಏರಿಸುವ ಕರಡು ಅಧಿಸೂಚನೆ ಹೊರಡಿಸಿದಾಗ ಉದ್ದಿಮೆದಾರರ ಸಂಘಗಳು ವಿರೋಧಿಸಿದವು, ಕಾರ್ಮಿಕ ಸಂಘಗಳು ಬೆಂಬಲಿಸಿದವು. ಇಂಥ ಕರಡುಗಳಿಗೆ ಆಕ್ಷೇಪಣೆ, ಸಲಹೆ ಸಲ್ಲಿಸಲು ಕಾಲಾವಕಾಶ ಇದ್ದೇ ಇರುತ್ತದೆ. ಮುಂದಿನ ಸಲ ಹೋಟೆಲ್ ಕೆಲಸಗಾರರ ವೇತನದ ಕರಡು ಬಂದಾಗ, ದೋಸೆಗೆ ಐದು ರೂಪಾಯಿ ಹೆಚ್ಚಾದರೂ ಕೊಡುತ್ತೇವೆ, ಈ ವೇತನ ಜಾರಿಯಾಗಲಿ ಎಂದು ಗ್ರಾಹಕರ ವೇದಿಕೆಗಳೂ ಇಲಾಖೆಗೆ ಒಂದು ಕಾಗದ ಬರೆಯಬಹುದು.