ಶಸ್ತ್ರಚಿಕಿತ್ಸೆ ಆಗದೆಂದ ಮೇಲೆ

ವೃದ್ಧ ತಂದೆಯ ಹೃದಯದ ಕವಾಟ ಕಿರಿದಾಗಿದೆ, ಎದೆ ತೆರೆದು ಮಾಡುವ ಶಸ್ತ್ರಚಿಕಿತ್ಸೆಯನ್ನು ದೇಹವು ತಾಳಲಾರದು ಎಂದು ವೈದ್ಯರು ಹೇಳಿದರೆ, ಮಕ್ಕಳು ಮತ್ತೊಬ್ಬ ವೈದ್ಯರನ್ನು ಕಾಣುವುದು ಯುಕ್ತವೇ? ಸರ್ವವೂ ಹರಿಚಿತ್ತಾಧೀನವೆಂದು ನಂಬಿದವರಿಗೆ ಇದು ಅವಿಶ್ವಾಸವಾಗದೇ ಎಂದು ಕೆಲವು ಆಸ್ತಿಕರು ಕೇಳುವುದುಂಟು.

ಆಗದೆಂದೇ ನಮ್ಮ ಅಭಿಪ್ರಾಯ. ಸ್ವತಂತ್ರನು ಶ್ರೀಹರಿಯೊಬ್ಬನೇ, ವೈದ್ಯರ ಮಾತು ಹರಿಯ ತೀರ್ಪಲ್ಲ. ಜೀವನು ಪರತಂತ್ರನಾದರೂ ವಿಹಿತಕರ್ಮವು ಅವನಿಗೆ ತಪ್ಪದು. ಮೇಲಾಗಿ, ವೈದ್ಯರ 'ಆಗದು' ಎಂಬುದು ಬಹುಮಟ್ಟಿಗೆ ಒಂದು ವಿಧಾನಕ್ಕೆ ಸಂಬಂಧಿಸಿದ್ದು. 2002ರಲ್ಲಿ ಫ್ರಾನ್ಸಿನ ರುವಾನ್ ನಗರದಲ್ಲಿ ಡಾ. ಅಲ್ಯಾಂ ಕ್ರಿಬಿಯೆಯವರು, ಶಸ್ತ್ರಚಿಕಿತ್ಸೆ ಅಸಾಧ್ಯವೆನಿಸಿದ್ದ ರೋಗಿಯೊಬ್ಬರಿಗೆ, ಎದೆ ತೆರೆಯದೆ ರಕ್ತನಾಳದ ಮೂಲಕವೇ ಹೊಸ ಕವಾಟವನ್ನು ಕೂರಿಸಿದರು. ಆ ರೋಗಿ ಕೆಲವೇ ತಿಂಗಳಲ್ಲಿ ಬೇರೆ ತೊಡಕುಗಳಿಂದ ತೀರಿಕೊಂಡರು, ವಿಧಾನವು ಉಳಿಯಿತು. ಇಂದು ನಮ್ಮ ದೇಶದಲ್ಲಿಯೂ ಅದು ನಡೆಯುತ್ತಿದೆ, ವೆಚ್ಚವೇನೋ ಬಹಳ. ಆದುದರಿಂದ ಎಕೋ, ಆಂಜಿಯೋಗ್ರಾಂ ವರದಿಗಳೊಡನೆ ಹೋಗಿ, ಯಾವ ವಿಧಾನ ಆಗದು, ಏತಕ್ಕಾಗಿ ಆಗದು ಎಂದು ವಿಚಾರಿಸುವುದರಲ್ಲಿ ಮೊದಲ ವೈದ್ಯರಿಗೆ ಅಗೌರವವೇನೂ ಇಲ್ಲ.

ಆದರೆ ಮೂವರು ಒಂದೇ ಕಾರಣ ಹೇಳಿದ ಮೇಲೆಯೂ ಆ ಬಳಲಿದ ಶರೀರವನ್ನು ಊರಿಂದೂರಿಗೆ ಒಯ್ಯುವುದು ಯಾರ ಸಮಾಧಾನಕ್ಕೆ? ವರದಿಯನ್ನು ಹಿರಿಯರಿಂದ ಮರೆಮಾಡಿ ಪಡಸಾಲೆಯಲ್ಲಿ ಪಿಸುಗುಟ್ಟುವ ಪದ್ಧತಿ ನಮ್ಮ ಮನೆಗಳಲ್ಲಿದೆ. ಅದು ನಮಗೆ ಸಮ್ಮತವಲ್ಲ. ದೇಹ ಅವರದು, ಅವರನ್ನೇ ಕೇಳತಕ್ಕದ್ದು. "ಇನ್ನು ಸಾಕು, ದೇವರ ಪೂಜೆ ನೋಡಿಕೊಂಡು ಮನೆಯಲ್ಲೇ ಇರುತ್ತೇನೆ" ಎಂದು ಅವರೆಂದರೂ, ಉಸಿರಾಟದ ಸಂಕಟಕ್ಕೆ ಔಷಧ ಕೊಡಿಸುವ, ರಾತ್ರಿ ದಿಂಬು ಎತ್ತರಿಸಿ ಬಳಿಯಲ್ಲಿ ಕೂರುವ ಕೆಲಸ ಮಕ್ಕಳಿಗೆ ಉಳಿದೇ ಇರುತ್ತದೆ.