ಹೇಳಿದ ಬೆಲೆ, ಕೇಳಿದ ಬೆಲೆ

ನಮ್ಮ ಪರಿಚಯದ ಕುಟುಂಬವೊಂದರ ಹುಡುಗ ಬೆಂಗಳೂರಿನಲ್ಲಿ ಆನಿಮೇಷನ್ ಕಲಿಯುತ್ತಿದ್ದಾನೆ. 2025ರ ಮಾರ್ಚ್ ತಿಂಗಳಲ್ಲಿ ಅವನು ಗ್ರಾಫಿಕ್ಸ್ ಕಾರ್ಡ್ ಕೊಳ್ಳಲು ಎಸ್.ಪಿ. ರಸ್ತೆಗೆ ಹೋದ. ಕಂಪ್ಯೂಟರಿನೊಳಗೆ ಚಿತ್ರಗಳ ಲೆಕ್ಕವನ್ನೆಲ್ಲ ಮಾಡಿ ಪರದೆಗೆ ತಂದುಕೊಡುವ ಬಿಡಿಭಾಗ ಅದು. ಆಟವಾಡುವವರಿಗೂ ಬೇಕು, ಅವನಂತೆ ಚಿತ್ರ ಕಟ್ಟುವವರಿಗೂ ಬೇಕು. ದಮ್ಮಾಮಿನಲ್ಲಿರುವ ಅಣ್ಣ ಹಣ ಕಳುಹಿಸಿದ್ದ. ಹುಡುಗನಿಗೆ ಬೇಕಿದ್ದದ್ದು ಅದೇ ತಿಂಗಳು 5ರಂದು ಮಾರುಕಟ್ಟೆಗೆ ಬಂದಿದ್ದ ಎನ್ವಿಡಿಯಾ ಕಂಪೆನಿಯ ಆರ್‌ಟಿಎಕ್ಸ್ 5070. ಅಮೆರಿಕದ ವೇದಿಕೆಯಲ್ಲಿ ಘೋಷಿಸಿದ ಬೆಲೆ 549 ಡಾಲರ್. ಭಾರತಕ್ಕೆಂದು ಕಂಪೆನಿ ಹೇಳಿದ್ದು 59,000 ರೂಪಾಯಿ. ಅಂಗಡಿಯಲ್ಲಿ ಕೇಳಿದ್ದು 66,000. ಪೆಟ್ಟಿಗೆಯನ್ನು ತಿರುಗಿಸಿ ನೋಡಿದರೆ ಅದರ ಮೇಲಿದ್ದ ಎಂ.ಆರ್.ಪಿ. ಈ ಎಲ್ಲವನ್ನೂ ಮೀರಿಸುವಂಥದ್ದು.

“ಅಣ್ಣಾ, ಕಂಪೆನಿ ಹೇಳಿದ ಬೆಲೆಗೆ ಯಾಕೆ ಕೊಡುವುದಿಲ್ಲ?” ಎಂದು ಇವನು ಕೇಳಿದ. “ತಮ್ಮಾ, ಆ ಬೆಲೆಗೆ ನನಗೇ ಯಾರೂ ಕೊಡುವುದಿಲ್ಲ” ಎಂದರು ಅಂಗಡಿಯವರು. ಹುಡುಗ ಬರಿಗೈಯಲ್ಲಿ ಮರಳಿದ. ಊರಿಗೆ ಫೋನು ಮಾಡಿ ವಿವರಿಸಿದಾಗ ತಾಯಿ ಕೇಳಿದ್ದು ಒಂದೇ ಮಾತು: “ಒಂದು ಸಾಮಾನಿಗೆ ಮೂರ್ನಾಲ್ಕು ಬೆಲೆ ಹೇಗೆ ಮಗಾ? ಇದರಲ್ಲಿ ಸುಳ್ಳು ಹೇಳುತ್ತಿರುವವರು ಯಾರು?”

ಶಾಲೆಯ ಮೆಟ್ಟಿಲನ್ನು ಹೆಚ್ಚು ಹತ್ತದ ಆ ತಾಯಿಯ ಪ್ರಶ್ನೆ ನಮ್ಮನ್ನು ಬಹಳ ದಿನ ಕಾಡಿತು. ಸಕ್ಕರೆ, ಅಕ್ಕಿ, ಗೊಬ್ಬರದ ಬೆಲೆಯ ಬಗ್ಗೆ ಬರೆಯುವ ನಾವು ಇಂಥ ಐಷಾರಾಮದ ವಸ್ತುವಿನ ಬಗ್ಗೆ ಬರೆಯಬೇಕೇ ಎಂದು ಕೆಲವರು ಕೇಳಬಹುದು. ಆದರೆ ಬೆಲೆ ಎಂದರೇನು ಎಂಬ ಪ್ರಶ್ನೆ ಇಷ್ಟು ಬೆತ್ತಲಾಗಿ ನಿಂತ ಮಾರುಕಟ್ಟೆ ಇತ್ತೀಚೆಗೆ ಬೇರೊಂದಿಲ್ಲ.

ಮೊದಲು ಅಂಗಡಿಯವರ ಪರವಾಗಿ ಒಂದು ಮಾತು. ನಮ್ಮ ಹುಡುಗರು ಡಾಲರ್ ಬೆಲೆಯನ್ನು ರೂಪಾಯಿಗೆ ಗುಣಿಸಿ, ಸಿಕ್ಕ ಮೊತ್ತವನ್ನೇ ಸತ್ಯವೆಂದು ನಂಬಿ, ಉಳಿದದ್ದೆಲ್ಲ ವರ್ತಕರ ಲೂಟಿ ಎಂದು ತೀರ್ಮಾನಿಸುತ್ತಾರೆ. ಆಗಿನ ದರದಲ್ಲಿ, ಅಂದರೆ ಡಾಲರಿಗೆ ಸುಮಾರು 86 ರೂಪಾಯಿಯಂತೆ, 549 ಡಾಲರ್ ಎಂದರೆ 47,214 ರೂಪಾಯಿ. ಅಮೆರಿಕದಲ್ಲಿ ಘೋಷಿಸುವ ಬೆಲೆಗೆ ಮಾರಾಟ ತೆರಿಗೆ ಸೇರಿರುವುದಿಲ್ಲ. ನಮ್ಮಲ್ಲಿ ಶೇ. 18 ಜಿ.ಎಸ್.ಟಿ. ಸೇರಿದರೆ ಮೊತ್ತ 55,700 ದಾಟುತ್ತದೆ. ಸಾಗಾಟ, ವಿತರಕರ ಪಾಲು, ವಾರಂಟಿಯ ಹೊಣೆ ಇನ್ನೂ ಹೊರಗಿವೆ. ಹಾಗಾಗಿ 59,000ದವರೆಗೆ ಯಾರೂ ಯಾರನ್ನೂ ದೋಚಿಲ್ಲ. ಲೆಕ್ಕ ಮಾಡದೆ ಒಬ್ಬನನ್ನು ಕಳ್ಳನೆನ್ನುವುದೂ ಒಂದು ಬಗೆಯ ತೂಕದ ಮೋಸವೇ. ಪ್ರಶ್ನೆ ಇರುವುದು ಅಲ್ಲಿಂದ ಮೇಲಿನ ಹಣದ ಬಗ್ಗೆ. ಅದಕ್ಕಿಂತ ಹೆಚ್ಚಾಗಿ, ಯಾರಿಗೂ ಸುಲಭವಾಗಿ ಸಿಗದ ಆ ಮೊದಲ ಸಂಖ್ಯೆಯ ಬಗ್ಗೆ.

ಇದು ಇಂದಿನ ಕಥೆಯಲ್ಲ. 2020ರ ಸೆಪ್ಟೆಂಬರ್ 17ರಂದು ಆರ್‌ಟಿಎಕ್ಸ್ 3080 ಎಂಬ ಕಾರ್ಡು 699 ಡಾಲರಿಗೆ ಮಾರಾಟಕ್ಕೆ ಬಂದಾಗ ಕೆಲವೇ ನಿಮಿಷಗಳಲ್ಲಿ ದಾಸ್ತಾನು ಮುಗಿಯಿತು. ಮನುಷ್ಯರು ಗುಂಡಿ ಒತ್ತುವ ಮುನ್ನವೇ ಖರೀದಿಸಿ ಮುಗಿಸುವ ತಂತ್ರಾಂಶಗಳನ್ನು ಮರುಮಾರಾಟಗಾರರು ಬಿಟ್ಟಿದ್ದರು. ಅದೇ ಕಾರ್ಡುಗಳು ಹರಾಜಿನ ತಾಣಗಳಲ್ಲಿ ದುಪ್ಪಟ್ಟು ಬೆಲೆಗೂ ಕಾಣಿಸಿಕೊಂಡವು. ಕೋವಿಡ್ ಕಾಲದ ಕೊರತೆ ಒಂದು ಕಡೆ. ಎಥೀರಿಯಂ ಎಂಬ ಡಿಜಿಟಲ್ ನಾಣ್ಯವನ್ನು ಗಳಿಸಲು ಇವೇ ಕಾರ್ಡುಗಳನ್ನು ರಾಶಿ ರಾಶಿ ಕೊಳ್ಳುತ್ತಿದ್ದವರು ಇನ್ನೊಂದು ಕಡೆ. ಅವರಿಗೆ ಕಾರ್ಡು ಎಂದರೆ ಹಣ ಮುದ್ರಿಸುವ ಯಂತ್ರ. ಎಷ್ಟು ಕೊಟ್ಟರೂ ಲಾಭವೇ. 2022ರ ಸೆಪ್ಟೆಂಬರ್ 15ರಂದು ಎಥೀರಿಯಂ ತನ್ನ ಪದ್ಧತಿ ಬದಲಿಸಿತು. ಆ ಕಾರ್ಡುಗಳಿಂದ ಅದನ್ನು ಗಳಿಸುವ ದಾರಿ ಅಂದಿಗೇ ಮುಚ್ಚಿತು, ಬಳಸಿ ಬಿಟ್ಟ ಕಾರ್ಡುಗಳು ಅಗ್ಗವಾಗಿ ಮಾರುಕಟ್ಟೆಗೆ ಸುರಿದವು. ವಸ್ತುವಿನಲ್ಲಿ ಒಂದು ತಂತಿಯೂ ಬದಲಾಗಿರಲಿಲ್ಲ.

ಹಾಗಾದರೆ ವಸ್ತುವಿಗೆ ತನ್ನದೇ ಆದ ಬೆಲೆ ಎಂಬುದು ಇದೆಯೇ? ಇಸ್ಲಾಮೀ ಚಿಂತನೆಯಲ್ಲಿ ಈ ಪ್ರಶ್ನೆಗೆ ದೀರ್ಘ ಇತಿಹಾಸವಿದೆ. ಮದೀನಾದಲ್ಲಿ ಬೆಲೆಗಳು ಏರಿದಾಗ ಜನರು ಪ್ರವಾದಿ ಮುಹಮ್ಮದ್(ಸ)ರ ಬಳಿಗೆ ಹೋಗಿ ದರ ನಿಗದಿ ಮಾಡುವಂತೆ ಕೇಳಿಕೊಂಡರು. ಅವರು ಒಪ್ಪಲಿಲ್ಲ. ಬೆಲೆಯನ್ನು ಏರಿಳಿಸುವವನು ಅಲ್ಲಾಹನು, ಯಾರೊಬ್ಬರ ಪ್ರಾಣ ಅಥವಾ ಸೊತ್ತಿನ ವಿಷಯದಲ್ಲಿ ಅನ್ಯಾಯವೆಸಗಿದ ಹೊರೆಯಿಲ್ಲದೆ ನಾನು ಅವನನ್ನು ಭೇಟಿಯಾಗಲು ಬಯಸುತ್ತೇನೆ ಎಂಬ ಆಶಯದ ಉತ್ತರ ಹದೀಸ್‌ಗಳಲ್ಲಿ ವರದಿಯಾಗಿದೆ. ಬಡವರ ಕಣ್ಣೀರು ಒರೆಸಲು ಬಂದವರು ದರ ಇಳಿಸಲು ಏಕೆ ಒಪ್ಪಲಿಲ್ಲ? ಏಕೆಂದರೆ ಮಾರುವವನೂ ಮನುಷ್ಯ. ಅವನ ಸೊತ್ತೂ ಸೊತ್ತೇ. ಬೆಲೆ ಹೆಚ್ಚಾಯಿತು ಎಂಬುದೊಂದೇ ಕಾರಣಕ್ಕೆ ಅದು ಪಾಪವಾಗುವುದಿಲ್ಲ.

ಕ್ರಿ.ಶ. 1328ರಲ್ಲಿ ತೀರಿಕೊಂಡ ಇಬ್ನು ತೈಮಿಯ್ಯಾ ಇದನ್ನು ಇನ್ನಷ್ಟು ಬಿಡಿಸಿ ಹೇಳಿದರು. ಸರಕು ಕಡಿಮೆಯಾಗಿ ಅಥವಾ ಜನ ಹೆಚ್ಚಾಗಿ ಬೆಲೆ ಏರಿದರೆ ಅದು ಅನ್ಯಾಯವಲ್ಲ. ಆದರೆ ಜನರಿಗೆ ಅಗತ್ಯವಿರುವ ಸರಕನ್ನು ಕೈಯಲ್ಲಿಟ್ಟುಕೊಂಡು, ರೂಢಿಯ ಬೆಲೆಗೆ ಮಾರಲೊಲ್ಲೆ ಎಂದು ಹಠ ಹಿಡಿದರೆ ಅಧಿಕಾರಸ್ಥರು ಮಧ್ಯೆ ಬರಬಹುದು. ಆ ಅಳತೆಯ ಮೇಲೆ ನೋಡಿದರೆ 2025ರ ಕೊನೆಯಲ್ಲಿ ಕೃತಕ ಬುದ್ಧಿಮತ್ತೆಯ ಕೇಂದ್ರಗಳ ಹಸಿವಿನಿಂದ ಮೆಮೊರಿ ಚಿಪ್ಪುಗಳು ದುಬಾರಿಯಾದದ್ದು ನಮಗೆ ಕಷ್ಟವೇ ಹೊರತು ಅದಷ್ಟೇ ಯಾರ ಅಪರಾಧವೂ ಅಲ್ಲ.

ಆದ್ದರಿಂದ ದುಬಾರಿ ಎಂಬ ದೂರನ್ನು ನಾವು ಬದಿಗಿಡೋಣ. ನಮ್ಮ ದೂರು ಬೇರೆಯೇ. ಕನ್ನಡದಲ್ಲಿ ‘ಬೆಲೆ’ ಎಂಬ ಒಂದೇ ಶಬ್ದ ಕೊಡುವ ಹಣಕ್ಕೂ ಇದೆ, ಯೋಗ್ಯತೆಗೂ ಇದೆ. ಅವನ ಮಾತಿಗೆ ಬೆಲೆಯಿಲ್ಲ ಎನ್ನುತ್ತೇವೆ. ಇಲ್ಲಿ ಬೆಲೆಯೇ ಒಂದು ಮಾತು. ಸಾವಿರಾರು ಜನರ ಮುಂದೆ, ಕೋಟ್ಯಂತರ ಜನ ನೋಡುವ ಪರದೆಯ ಮೇಲೆ ಒಂದು ಕಂಪೆನಿ ‘ಇದು 549 ಡಾಲರ್’ ಎಂದು ಹೇಳಿದರೆ ಅದು ಬರೀ ಅಂದಾಜೋ, ಆಶಯವೋ, ವಾಗ್ದಾನವೋ? ಕಂಪೆನಿಗಳ ಉತ್ತರ ಸಿದ್ಧವಿದೆ: ಅದು ‘ಸೂಚಿತ’ ಬೆಲೆ. ಆದರೆ ಆ ಸೂಚನೆಯಿಂದ ಸಿಗುವ ಲಾಭವೆಲ್ಲ ವಾಗ್ದಾನದ ಲಾಭವೇ. ಪರೀಕ್ಷಕರು ಕಾರ್ಡನ್ನು ಅಳೆದು, ‘ಈ ಬೆಲೆಗೆ ಇದು ಒಳ್ಳೆಯದು’ ಎಂದು ತೀರ್ಪು ಕೊಡುತ್ತಾರೆ. ಆ ಬೆಲೆಯ ದಾಸ್ತಾನು ಒಂದು ಬೆಳಗಿನಲ್ಲಿ ಮುಗಿದುಹೋಗುತ್ತದೆ. ಹೊಗಳಿಕೆ ಮಾತ್ರ ವರ್ಷವಿಡೀ ಉಳಿಯುತ್ತದೆ, ಮುಂದೆ ಬರುವ ದುಬಾರಿ ಕಾರ್ಡುಗಳನ್ನೂ ಮಾರಿಕೊಡುತ್ತದೆ. 2025ರ ಮಾರ್ಚ್ 6ರಂದು ಬಂದ ಎಎಂಡಿ ಕಂಪೆನಿಯ 9070 ಎಕ್ಸ್‌ಟಿ ಕೂಡ 599 ಡಾಲರಿಗೆ ಬಹಳ ಮೆಚ್ಚುಗೆ ಪಡೆಯಿತು. ಮುಂದಿನ ವಾರಗಳಲ್ಲಿ ಆ ಬೆಲೆಗೆ ಹುಡುಕಿದವರಿಗೆ ಸಿಗುವುದು ಕಷ್ಟವಾಯಿತು. ಒಂದು ಕಂಪೆನಿಯನ್ನು ಬಯ್ದು ಇನ್ನೊಂದರ ಧ್ವಜ ಹಿಡಿಯುವ ಹುಡುಗರು ಇದನ್ನು ಗಮನಿಸಬೇಕು.

ಈ ಮಾತು ಎಷ್ಟು ಟೊಳ್ಳು ಎಂಬುದನ್ನು ತೋರಿಸುವ ಒಂದು ಪ್ರಸಂಗವಿದೆ. ಚಿಪ್ಪನ್ನು ಎನ್ವಿಡಿಯಾ ಕೊಡುತ್ತದೆ. ಅದರಿಂದ ಕಾರ್ಡು ಕಟ್ಟಿ ಮಾರುವವು ಬೇರೆ ಕಂಪೆನಿಗಳು. ಅವುಗಳಲ್ಲಿ ಅಮೆರಿಕದಲ್ಲಿ ಬಹಳ ಹೆಸರಿದ್ದ ಇವಿಜಿಎ 2022ರ ಸೆಪ್ಟೆಂಬರಿನಲ್ಲಿ ಗ್ರಾಫಿಕ್ಸ್ ಕಾರ್ಡಿನ ವ್ಯವಹಾರವನ್ನೇ ತೊರೆಯುವುದಾಗಿ ಹೇಳಿತು. ವೇದಿಕೆಯ ಮೇಲೆ ಘೋಷಣೆಯಾಗುವವರೆಗೆ ಬೆಲೆ ತಮಗೂ ತಿಳಿಯುವುದಿಲ್ಲ ಎಂಬುದು ಅದರ ದೂರುಗಳಲ್ಲಿ ಒಂದಾಗಿತ್ತು. ಕಟ್ಟುವವನಿಗೇ ಗೊತ್ತಿಲ್ಲದ ಬೆಲೆಯನ್ನು ಎಸ್.ಪಿ. ರಸ್ತೆಯ ಅಂಗಡಿಯವರು ಹೇಗೆ ಉಳಿಸಿಕೊಡಬೇಕು?

ಸಂಖ್ಯೆಯಂತೆ ಹೆಸರೂ ಒಂದು ಮಾತೇ. ಅದೇ ತಿಂಗಳು ಎನ್ವಿಡಿಯಾ ಆರ್‌ಟಿಎಕ್ಸ್ 4080 ಎಂಬ ಒಂದೇ ಹೆಸರಿನಲ್ಲಿ ಎರಡು ಕಾರ್ಡುಗಳನ್ನು ಘೋಷಿಸಿತು: 16 ಜಿಬಿಯದ್ದು 1,199 ಡಾಲರ್, 12 ಜಿಬಿಯದ್ದು 899. ಹೆಸರು ನೋಡಿದವರು ಮೆಮೊರಿಯೊಂದೇ ಕಡಿಮೆ ಎಂದುಕೊಳ್ಳುತ್ತಿದ್ದರು. ವಾಸ್ತವದಲ್ಲಿ ಚಿಪ್ಪೇ ಬೇರೆಯಾಗಿತ್ತು. ಒಂದರಲ್ಲಿ 9,728 ಲೆಕ್ಕದ ಘಟಕಗಳು, ಇನ್ನೊಂದರಲ್ಲಿ 7,680. ಜನ ಗದ್ದಲ ಮಾಡಿದರು. ಅಕ್ಟೋಬರ್ 14ರಂದು ಕಂಪೆನಿ ಚಿಕ್ಕದನ್ನು ಹಿಂತೆಗೆದುಕೊಂಡು, ಅದಕ್ಕೆ ಸರಿಯಾದ ಹೆಸರಿಡಲಿಲ್ಲ ಎಂದು ಒಪ್ಪಿಕೊಂಡಿತು. ಒಪ್ಪಿಕೊಂಡದ್ದು ಒಳ್ಳೆಯದೇ, ಅನೇಕರು ಅಷ್ಟೂ ಮಾಡುವುದಿಲ್ಲ. 2023ರ ಜನವರಿಯಲ್ಲಿ ಅದೇ ಕಾರ್ಡು 4070 ಟಿಐ ಎಂಬ ಹೆಸರಿನಲ್ಲಿ 799 ಡಾಲರಿಗೆ ಬಂತು. ಹಾಗಾದರೆ ಉಳಿದ 100 ಡಾಲರು ಯಾವುದರ ಬೆಲೆಯಾಗಿತ್ತು? ಹೆಸರಿನದ್ದೇ ಎನ್ನದೆ ಬೇರೆ ಉತ್ತರ ನಮಗೆ ಹೊಳೆಯುವುದಿಲ್ಲ. ಅಳತೆಯಲ್ಲಿ ಕಡಿಮೆ ಕೊಡುವವರ ಮೇಲೆ ಒಂದು ಇಡೀ ಅಧ್ಯಾಯವೇ ಪವಿತ್ರ ಕುರ್‌ಆನಿನಲ್ಲಿದೆ. ಸೇರನ್ನು ಕಡಿಮೆ ಮಾಡಿ ಹೆಸರನ್ನು ಹಾಗೇ ಇಡುವುದು ಅದರ ವ್ಯಾಪ್ತಿಗೆ ಬರುವುದಿಲ್ಲವೆಂದು ಹೇಳುವ ಧೈರ್ಯ ನಮಗಿಲ್ಲ.

ಇನ್ನು ‘ಮೌಲ್ಯ’ದ ಮಾತು. ನಮ್ಮ ಹುಡುಗ ಆಸೆಪಟ್ಟ 5070ನ್ನು 2025ರ ಜನವರಿಯಲ್ಲಿ ಪರಿಚಯಿಸುವಾಗ ಎನ್ವಿಡಿಯಾದ ಮುಖ್ಯಸ್ಥ ಜೆನ್ಸನ್ ಹ್ವಾಂಗ್ ಇದು ಹಿಂದಿನ 4090ರ ಸಾಮರ್ಥ್ಯವನ್ನು 549 ಡಾಲರಿಗೆ ಕೊಡುತ್ತದೆ ಎಂದರು. 4090 ಬಂದಾಗ ಅದರ ಬೆಲೆ 1,599 ಡಾಲರ್. ಮೂರನೇ ಒಂದು ಬೆಲೆಗೆ ಅದೇ ವಸ್ತುವೇ! ಕೃತಕ ಬುದ್ಧಿಮತ್ತೆಯಿಲ್ಲದೆ ಇದು ಆಗದು ಎಂದೂ ಅವರು ಸೇರಿಸಿದರು. ಅರ್ಥವೇನೆಂದರೆ, ಪರದೆಯ ಮೇಲೆ ಕಾಣುವ ನಾಲ್ಕು ಚಿತ್ರಗಳಲ್ಲಿ ಒಂದನ್ನು ಮಾತ್ರ ಕಾರ್ಡು ಮಾಮೂಲಿನಂತೆ ರಚಿಸುತ್ತದೆ, ಮೂರನ್ನು ಊಹಿಸಿ ತುಂಬುತ್ತದೆ. ಆ ಊಹೆಯನ್ನು ಬದಿಗಿಟ್ಟು ಅಳೆದಾಗ ಅದು 4090ರ ಹತ್ತಿರಕ್ಕೂ ಬರಲಿಲ್ಲ. ಚಿತ್ರ ಕಟ್ಟುವ ಹುಡುಗನ ಕೆಲಸಕ್ಕೆ ಆಟದ ಆ ಊಹೆಯ ಚಿತ್ರಗಳಿಂದ ಪ್ರಯೋಜನವೂ ಇಲ್ಲ.

ಇದು ಸುಳ್ಳೇ? ಷರತ್ತನ್ನು ಹೇಳಲಾಗಿತ್ತಲ್ಲ ಎಂದು ವಾದಿಸಬಹುದು. ಇಲ್ಲಿ ನಮಗೆ ನೆನಪಾಗುವುದು ಮದೀನಾದ ಮಾರುಕಟ್ಟೆಯ ಧಾನ್ಯದ ರಾಶಿ. ಪ್ರವಾದಿ(ಸ)ರು ರಾಶಿಯೊಳಗೆ ಕೈ ಹಾಕಿದಾಗ ಬೆರಳು ಒದ್ದೆಯಾಯಿತು. ಮಳೆಯಲ್ಲಿ ನೆನೆಯಿತು ಎಂದ ವ್ಯಾಪಾರಿ. ಹಾಗಾದರೆ ಜನರಿಗೆ ಕಾಣುವಂತೆ ಒದ್ದೆಯದ್ದನ್ನು ಮೇಲೆ ಯಾಕೆ ಇಡಲಿಲ್ಲ ಎಂದು ಅವರು ಕೇಳಿದರು. ಮೋಸ ಮಾಡುವವನು ನಮ್ಮವನಲ್ಲ ಎಂಬ ಅರ್ಥದ ಕಠಿಣ ಎಚ್ಚರಿಕೆಯನ್ನೂ ಕೊಟ್ಟರು. ಒದ್ದೆ ಧಾನ್ಯ ಮಾರಬಾರದು ಎಂದು ಅವರು ಹೇಳಲಿಲ್ಲ. ಮಳೆ ಬಂದದ್ದೂ ಆ ವ್ಯಾಪಾರಿಯ ತಪ್ಪಲ್ಲ. ಯಾವುದನ್ನು ಮೇಲಿಟ್ಟ, ಯಾವುದನ್ನು ಕೆಳಗಿಟ್ಟ ಎಂಬುದಷ್ಟೇ ಪ್ರಶ್ನೆಯಾಗಿತ್ತು. ದೊಡ್ಡಕ್ಷರದ ಸಾಲನ್ನು ಮೇಲಿಟ್ಟು ಷರತ್ತನ್ನು ಕೆಳಗಿಟ್ಟ ಜಾಹೀರಾತಿಗೂ ಅದೇ ಪ್ರಶ್ನೆ ಸಲ್ಲುತ್ತದೆ.

ಮರುಮಾರಾಟಗಾರರ ಬಗ್ಗೆ ಹುಡುಗನೊಬ್ಬ ನಮ್ಮನ್ನು ಕೇಳಿದ್ದುಂಟು: ‘ಅಗ್ಗಕ್ಕೆ ಕೊಂಡು ಲಾಭಕ್ಕೆ ಮಾರುವುದು ವ್ಯಾಪಾರವೇ ಅಲ್ಲವೇ, ಅದು ಹಲಾಲ್ ತಾನೇ?’ ಅರ್ಥಶಾಸ್ತ್ರ ಬಲ್ಲವರೂ ಇದನ್ನೇ ಇನ್ನೊಂದು ರೀತಿ ಹೇಳುತ್ತಾರೆ: ಕಂಪೆನಿ ಕಡಿಮೆ ಬೆಲೆ ಹೇಳಿತು, ನಿಜವಾದ ಬೆಲೆಯನ್ನು ಅವನು ಪತ್ತೆ ಹಚ್ಚಿದ, ಅಷ್ಟೆ. ವಾದದಲ್ಲಿ ಅರ್ಧ ಸತ್ಯವಿದೆ. ಲಾಭ ನಿಷಿದ್ಧವಲ್ಲ. ಆದರೆ ಸರಕನ್ನು ದೂರದಿಂದ ತಂದು ಇಲ್ಲದ ಊರಿನಲ್ಲಿ ಮಾರುವವನಿಗೂ, ಇರುವ ಊರಿನಲ್ಲೇ ಬಾಚಿಕೊಂಡು ಇಲ್ಲವಾಗಿಸಿ ಮಾರುವವನಿಗೂ ವ್ಯತ್ಯಾಸವಿದೆ. ಮೊದಲನೆಯವನು ಜನರ ಕೊರತೆ ನೀಗಿಸಿದ. ಎರಡನೆಯವನು ಕೊರತೆಯನ್ನೇ ತಯಾರಿಸಿದ. ಬಚ್ಚಿಟ್ಟು ಬೆಲೆ ಏರಿಸುವ ನಿಷೇಧ ಆಹಾರಕ್ಕೆ ಮಾತ್ರ ಎಂದು ಕೆಲವು ಕರ್ಮಶಾಸ್ತ್ರ ಪಂಡಿತರು ಹೇಳಿದರೆ, ಇಮಾಮ್ ಅಬೂ ಯೂಸುಫ್ ಜನರಿಗೆ ತೊಂದರೆಯಾಗುವ ಯಾವ ಸರಕಿಗಾದರೂ ಅದು ಅನ್ವಯ ಎಂದರು. ಆಟದ ಚಟಕ್ಕೆ ಕಾರ್ಡು ಸಿಗದಿದ್ದರೆ ತೊಂದರೆಯೇನೂ ಇಲ್ಲ ಎನ್ನಬಹುದು. ಅನ್ನದ ದಾರಿಗೆ ಅದನ್ನೇ ನೆಚ್ಚಿಕೊಂಡವನಿಗೆ ಹಾಗೆನ್ನಲಾಗದು. ಅಮೆರಿಕ 2016ರಲ್ಲಿ ಇಂಥ ಖರೀದಿ ತಂತ್ರಾಂಶಗಳ ವಿರುದ್ಧ ಕಾನೂನು ಮಾಡಿದ್ದು ಕಾರ್ಯಕ್ರಮಗಳ ಟಿಕೆಟಿಗೆ ಮಾತ್ರ.

ನಮ್ಮ ದೇಶದ ಮಾತೂ ಹೆಮ್ಮೆಪಡುವಂಥದ್ದಲ್ಲ. 2011ರ ಕಾನೂನು ಮಾಪನ ಶಾಸ್ತ್ರ ನಿಯಮಗಳ ಪ್ರಕಾರ ಪೊಟ್ಟಣದ ಮೇಲೆ ಎಲ್ಲ ತೆರಿಗೆ ಸೇರಿದ ಗರಿಷ್ಠ ಬೆಲೆ ಮುದ್ರಿಸಬೇಕು. ಗ್ರಾಹಕನ ರಕ್ಷಣೆಗೆಂದು ಬಂದ ಆ ಸಂಖ್ಯೆಯನ್ನು ಆಮದುದಾರರು ಎಷ್ಟು ಮೇಲೆ ಬರೆಯುತ್ತಾರೆಂದರೆ ಅದನ್ನು ಯಾರೂ ಕೊಡುವುದಿಲ್ಲ, ಯಾರೂ ಕೇಳುವುದೂ ಇಲ್ಲ. ಆನ್‌ಲೈನ್ ಅಂಗಡಿಗಳಲ್ಲಿ ಅದರ ಮೇಲೆ ಗೀಟು ಎಳೆದು ‘ಶೇಕಡಾ ಇಷ್ಟು ರಿಯಾಯಿತಿ’ ಎಂದು ತೋರಿಸಲಷ್ಟೇ ಅದು ಉಪಯೋಗ. ಅಲ್ಲಿ ಎಂದೂ ಸಿಗದಷ್ಟು ಕಡಿಮೆ ಸಂಖ್ಯೆ; ಇಲ್ಲಿ ಎಂದೂ ಕೊಡದಷ್ಟು ದೊಡ್ಡ ಸಂಖ್ಯೆ. ಒಂದನ್ನು ನೋಡಿ ನಾವು ಸಿಟ್ಟಾಗುತ್ತೇವೆ, ಇನ್ನೊಂದನ್ನು ನೋಡಿ ಲಾಭವಾಯಿತೆಂದು ಹಿಗ್ಗುತ್ತೇವೆ. ವಸ್ತು ನಮಗೆಷ್ಟು ಬೇಕು, ನಮ್ಮ ಕೆಲಸಕ್ಕೆ ಎಷ್ಟು ಸಾಕು ಎಂಬ ಲೆಕ್ಕವನ್ನು ಎರಡೂ ಸಲ ನಾವು ಮಾಡಿರುವುದಿಲ್ಲ. ಮೊದಲ ದಿನವೇ ಕೊಳ್ಳಬೇಕೆಂಬ ಆತುರ ನಮ್ಮದಿಲ್ಲದಿದ್ದರೆ ಮರುಮಾರಾಟಗಾರ ತನ್ನ ಪೆಟ್ಟಿಗೆಗಳನ್ನು ಯಾರಿಗೆ ಮಾರುತ್ತಿದ್ದ?

ಆ ಹುಡುಗ ಮತ್ತೆ ಎರಡು ಸಲ ಎಸ್.ಪಿ. ರಸ್ತೆಗೆ ಹೋಗಿ ಬಂದ. ಎರಡನೆಯ ಸಲ ಅದೇ ಅಂಗಡಿಯವರು ಅವನು ಯಾವ ತಂತ್ರಾಂಶದಲ್ಲಿ ಕೆಲಸ ಮಾಡುತ್ತಾನೆಂದು ಕೇಳಿ ತಿಳಿದುಕೊಂಡರು. ಹಿಂದಿನ ತಲೆಮಾರಿನ, ಹೆಚ್ಚು ಮೆಮೊರಿಯಿದ್ದ ಕಾರ್ಡೊಂದನ್ನು ತೋರಿಸಿದರು. ಒಂದು ಚೀಟಿಯಲ್ಲಿ ತಾವು ಅದನ್ನು ಕೊಂಡ ದರ, ತೆರಿಗೆ, ತಮ್ಮ ಲಾಭ ಮೂರನ್ನೂ ಬೇರೆಬೇರೆ ಬರೆದು ಮುಂದಿಟ್ಟರು. ಲಾಭ ನಾವು ಊಹಿಸಿದ್ದಕ್ಕಿಂತ ಕಡಿಮೆಯೇ ಇತ್ತು. ಹುಡುಗ ಚೀಟಿಯ ಫೋಟೋ ತೆಗೆದು ತಾಯಿಗೆ ಕಳುಹಿಸಿದ. ತಾಯಿ ಅದನ್ನು ದಮ್ಮಾಮಿನಲ್ಲಿರುವ ಹಿರಿಯ ಮಗನಿಗೆ ತೋರಿಸಿ, “ಇದಕ್ಕಾದರೆ ಹಣ ಕೊಡಬಹುದು” ಎಂದರಂತೆ.